ಭಾವನ ಕಾರು ‘ಪ್ಶ್’ ಎಂದದ್ದು

ಅಂಬಲಪಾಡಿಯಲ್ಲಿ ಗ್ಯಾರೇಜು ಇಟ್ಟುಕೊಂಡು ಕೂತ ಮೇಲೆ ನಗುವುದಕ್ಕೆಂದು ನಾನು ಬೇರೆ ಎಲ್ಲಿಗೂ ಹೋಗಬೇಕಾಗಿ ಬಂದಿಲ್ಲ. ನಗು ತಾನಾಗಿಯೇ ಕಾರು ಹತ್ತಿ ಬರುತ್ತದೆ, ಕೆಲವೊಮ್ಮೆ ಹಗ್ಗ ಕಟ್ಟಿ ಎಳೆಸಿಕೊಂಡು ಬರುತ್ತದೆ. ನಾನು ಸ್ವಲ್ಪ ಸಿಡುಕಿನವನು. ಗಿರಾಕಿಯ ಎದುರು ನಗುವುದಿಲ್ಲ. ಅವರು ಅತ್ತ ಹೋದ ಮೇಲೆ ಕಾರಿನ ಅಡಿಗೆ ಮಲಗಿ ನಗುತ್ತೇನೆ. ಈಚೆಗೆ ನನ್ನನ್ನು ಹಾಗೆ ಹೆಚ್ಚು ಸಲ ಮಲಗಿಸಿದ್ದು ಒಂದೇ ಪ್ರಶ್ನೆ: ಟರ್ಬೊ ಕಾರಿಗೆ ಬ್ಲೋ-ಆಫ್ ವಾಲ್ವ್ ಬೇಕಾ, ಬೇಡವಾ?

ಗೊತ್ತಿಲ್ಲದವರಿಗೆ ಎರಡು ಮಾತು. ಟರ್ಬೊ ಎಂದರೆ ಎಂಜಿನಿಗೆ ಗಾಳಿಯನ್ನು ಒತ್ತಿ ತುಂಬುವ ಸಣ್ಣ ಫ್ಯಾನು. ಪೆಟ್ರೋಲ್ ಕಾರು ರಭಸದಲ್ಲಿ ಹೋಗುತ್ತಿರುವಾಗ ನೀವು ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆದರೆ ಗಾಳಿ ಒಳಹೋಗುವ ಬಾಗಿಲು ಮುಚ್ಚುತ್ತದೆ. ಒತ್ತಿಟ್ಟ ಗಾಳಿ ದಾರಿ ಕಾಣದೆ ಹಿಂದೆ ತಿರುಗಿ ಆ ಫ್ಯಾನಿಗೇ ಬಡಿಯುತ್ತದೆ. ಹಾಗಾಗಬಾರದೆಂದು ಕಂಪೆನಿಯವರೇ ಒಂದು ವಾಲ್ವ್ ಇಟ್ಟು, ಆ ಗಾಳಿಗೆ ಒಂದು ಸುತ್ತು ಹಾಕಿಸಿ, ಮತ್ತೆ ಒಳಗೇ ಕಳಿಸುತ್ತಾರೆ. ಸದ್ದಿಲ್ಲ, ಸುದ್ದಿಯಿಲ್ಲ. ಬ್ಲೋ-ಆಫ್ ವಾಲ್ವ್ ಅದೇ ಗಾಳಿಯನ್ನು ಬೀದಿಗೆ ಬಿಡುತ್ತದೆ. ಆಗ ಕಾರು ‘ಪ್ಶ್’ ಎನ್ನುತ್ತದೆ. ವಿಷಯ ಇಷ್ಟೇ. ಈ ‘ಪ್ಶ್’ಗಾಗಿ ಜನ ಎಷ್ಟು ದೂರ ಹೋಗುತ್ತಾರೆ ಎಂಬುದು ಮಾತ್ರ ಬೇರೆ ವಿಷಯ.

ಟರ್ಬೊ ಬೇಡ, ವಾಲ್ವ್ ಸಾಕು

ಕೆಮ್ಮಣ್ಣಿನಿಂದ ಒಬ್ಬರು ತೆಂಗಿನಕಾಯಿ ವ್ಯಾಪಾರಿ ಬಂದರು. ಕಾರು ಹಳೆಯದು, ಹಿಂದಿನ ಸೀಟಿನಲ್ಲಿ ಮನುಷ್ಯರಿಗಿಂತ ಕಾಯಿ ಕೂತದ್ದೇ ಹೆಚ್ಚು.

“ಬ್ಲೋ-ಆಫ್ ವಾಲ್ವ್ ಒಂದು ಹಾಕಿ ಕೊಡಿ.”

“ಇದರಲ್ಲಿ ಟರ್ಬೊ ಇಲ್ಲವಲ್ಲ.”

“ಟರ್ಬೊ ನನಗೆ ಬೇಡ. ವಾಲ್ವ್ ಮಾತ್ರ ಸಾಕು.”

“ಟರ್ಬೊ ಇಲ್ಲದಿದ್ದರೆ ಬಿಡ್ಲಿಕ್ಕೆ ಗಾಳಿಯೇ ಇರುವುದಿಲ್ಲ. ಎಂತ ಬಿಡುವುದು ಅದು?”

ಅವರು ಬಾನೆಟ್ಟು ತಟ್ಟಿದರು. “ಈಗ ಹಾಕಿ ಇಡಿ. ಟರ್ಬೊ ಮುಂದೆ ನೋಡುವ,” ಎಂದರು.

ಆ ದಿನ ನಾನು ಅಡಿಗೆ ಮಲಗಿದ್ದು ಅವರದೇ ಕಾರಿನ ಅಡಿಗೆ. ಅವರು ಬಗ್ಗಿ ನೋಡಿ, “ಜಾಗ ಉಂಟಾ?” ಎಂದು ಕೇಳಿದರು.

ಊರಿನ ಗಾಳಿಯೆಲ್ಲ

ಮಣಿಪಾಲದಲ್ಲಿ ಓದುವ ಒಬ್ಬ ಹುಡುಗ ಇನ್ನೂ ಮುಂದೆ ಹೋಗಿದ್ದ. ಅವನದು ಡೀಸೆಲ್ ಕಾರು. ಡೀಸೆಲಿನಲ್ಲಿ ಗಾಳಿಗೆ ಆ ರೀತಿ ಬಾಗಿಲು ಹಾಕುವ ಪದ್ಧತಿ ಇಲ್ಲ, ಆದ್ದರಿಂದ ಈ ವಾಲ್ವಿಗೆ ಅಲ್ಲಿ ಕೆಲಸವೂ ಇಲ್ಲ. ನಾನು ಹಾಗೆಂದು ಹೇಳಿ ಕಳಿಸಿದ್ದೆ. ಅವನು ಮೊಬೈಲಿನಲ್ಲಿ ಹುಡುಕಿ ಒಂದು ಡಬ್ಬಿ ತರಿಸಿಕೊಂಡ. ಡಬ್ಬಿಯೊಳಗೆ ಒಂದು ಸ್ಪೀಕರು. ಕಾಲು ತೆಗೆದ ಕೂಡಲೇ ಅದು ‘ಪ್ಶ್’ ಎಂದು ಕೂಗುತ್ತದೆ. ಗಾಳಿಯೂ ಇಲ್ಲ, ವಾಲ್ವೂ ಇಲ್ಲ, ಬರೀ ಧ್ವನಿಮುದ್ರಣ.

ಜೂನ್ ತಿಂಗಳ ಮೊದಲ ಮಳೆಗೆ ಡಬ್ಬಿಯೊಳಗೆ ನೀರು ಹೋಯಿತು. ಆ ಮೇಲೆ ಅದು ನಿಲ್ಲಲೇ ಇಲ್ಲ. ಕಾಲು ಇಟ್ಟರೂ ‘ಪ್ಶ್’, ತೆಗೆದರೂ ‘ಪ್ಶ್’, ಕೀ ತೆಗೆದು ಜೇಬಿಗೆ ಹಾಕಿದರೂ ‘ಪ್ಶ್’. ಕಾಲೇಜಿನ ಗೇಟಿನ ವಾಚ್‌ಮನ್ ಓಡಿ ಬಂದು ಟಯರು ಪಂಕ್ಚರ್ ಎಂದ. ಪೆಟ್ರೋಲ್ ಬಂಕಿಗೆ ಹೋದರೆ ಅಲ್ಲಿಯವರು ಕೇಳುವ ಮೊದಲೇ ಪೈಪು ಹಿಡಿದು ಬಂದು ನಾಲ್ಕೂ ಚಕ್ರಕ್ಕೆ ಗಾಳಿ ತುಂಬಿದರು. ಸದ್ದು ನಿಲ್ಲಲಿಲ್ಲ. ಮುಂದಿನ ಬಂಕಿನವರೂ ತುಂಬಿದರು. ಉಡುಪಿಗೆ ಇಳಿಯುವ ದಾರಿಯಲ್ಲಿ ಪಂಕ್ಚರ್ ಅಂಗಡಿಯ ಒಬ್ಬ ಪುಣ್ಯಾತ್ಮ ಅಡ್ಡ ಕೈ ಮಾಡಿ ನಿಲ್ಲಿಸಿ, “ಹೀಗೇ ಹೋದರೆ ರಿಮ್ ಹೋಗ್ತದೆ ಮಾರಾಯ,” ಎಂದು ಅವನೂ ಒಂದು ಸುತ್ತು ತುಂಬಿದ.

ನನ್ನಲ್ಲಿಗೆ ಬಂದಾಗ ಟಯರುಗಳು ಕಲ್ಲಿನ ಹಾಗೆ ಇದ್ದವು. ಹುಡುಗ ಸೀಟಿನಲ್ಲಿ ಕುಣಿದು ಕುಣಿದು ಸುಸ್ತಾಗಿದ್ದ. ನಾನು ಡಬ್ಬಿಯ ವಯರು ಕತ್ತರಿಸಿದೆ. ಆಮೇಲೆ ಚಕ್ರದ ಮುಂದೆ ಕೂತು ಗಾಳಿ ಬಿಡಲು ಶುರು ಮಾಡಿದೆ. ‘ಪ್ಶ್’ ಎಂದಿತು. ಹುಡುಗ ಬೆಚ್ಚಿ ಬಿದ್ದು, “ಅಂಕಲ್, ಇನ್ನೂ ನಿಲ್ಲಲಿಲ್ಲ,” ಎಂದ.

ಭಾವನ ದೂರು

ಇದನ್ನೆಲ್ಲ ಮೂಲೆಯ ಬೆಂಚಿನಲ್ಲಿ ಕೂತು ನೋಡುತ್ತಿದ್ದವರು ನಮ್ಮ ಭಾವ. ಎಂದರೆ ನನ್ನ ಅಕ್ಕನ ಗಂಡ. ಕಾಪುವಿನಲ್ಲಿ ಮನೆ. ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಅಕ್ಕ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಹಿಂದಿನ ಬೆಂಚಿನವರಿಗೆ ಕೇಳಿಸಬೇಕೆಂದು ಬೆಳೆಸಿದ ಸ್ವರ ಇನ್ನೂ ಹಾಗೆಯೇ ಉಂಟು. ಆ ಮನೆಯಲ್ಲಿ ಭಾವನಿಗೆ ಸ್ವರ ಬೇಕಾಗಿಯೇ ಬರಲಿಲ್ಲ. ಸಂಜೆ ಅವರು ಹೊರಗಿನಿಂದ ಬಂದು, ಚಪ್ಪಲಿ ತೆಗೆದು, ಒಳಗೆ ಕೂತು ಪೇಪರು ಮುಗಿಸಿದ ಮೇಲೆ ಅಕ್ಕ, “ಅಯ್ಯೋ, ನೀವು ಯಾವಾಗ ಬಂದದ್ದು?” ಎನ್ನುತ್ತಿದ್ದಳು. ಮದುವೆಯಾದಂದಿನಿಂದ ಹಾಗೆಯೇ.

ನಿವೃತ್ತಿಯಾದ ಮೇಲೆ ಅವರು ಒಂದು ಸಣ್ಣ ಟರ್ಬೊ ಪೆಟ್ರೋಲ್ ಕಾರು ಕೊಂಡರು. ಏನೂ ಹಾಳಾಗದಿದ್ದರೂ ವಾರಕ್ಕೊಮ್ಮೆ ನನ್ನ ಗ್ಯಾರೇಜಿಗೆ ಬರುತ್ತಾರೆ. ಪಕ್ಕದ ಚಾ ಅಂಗಡಿಯಲ್ಲಿ ಒಳ್ಳೆಯ ಬನ್ಸ್ ಸಿಗುತ್ತದೆ. ಭಾವನಿಗೆ ಸಕ್ಕರೆ ಕಾಯಿಲೆ. ಬಾಳೆಹಣ್ಣು, ಸಕ್ಕರೆ, ಮೈದಾ ಸೇರಿದ ಬನ್ಸ್ ಎಂಬ ಹೆಸರನ್ನೇ ಅಕ್ಕ ಮನೆಯಲ್ಲಿ ನಿಷೇಧಿಸಿದ್ದಾಳೆ. ಕಾರು ಸರ್ವಿಸ್ ಆಗುತ್ತಿರುವಾಗ ಭಾವ ಬೆಂಚಿನಲ್ಲಿ ಕೂತು, ಬಾಗಿಲಿಗೆ ಬೆನ್ನು ಹಾಕಿ ತಿನ್ನುತ್ತಾರೆ. ನಾನು ನೋಡಿಲ್ಲ ಎಂದುಕೊಂಡಿದ್ದಾರೆ.

ಹುಡುಗ ಹೋದ ಮೇಲೆ ಭಾವ ಬಾಯಿ ಒರೆಸಿಕೊಂಡು ಹತ್ತಿರ ಬಂದರು. ನಮ್ಮೊಳಗೆ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನನ್ನ ಕಾರಿಗೆ ಅದು ಬೇಕಾ ಮಾರಾಯ?”

“ಬೇಡ ಭಾವ. ನಿಮ್ಮದರಲ್ಲಿ ಕಂಪೆನಿಯದ್ದೇ ಉಂಟು ಒಳಗೆ. ಅದು ನಿಮ್ಮ ಹಾಗೆ. ಕೆಲಸ ಎಲ್ಲ ಮಾಡ್ತದೆ, ಸದ್ದು ಮಾಡುವುದಿಲ್ಲ.”

ನಾನು ತಮಾಷೆಗೆ ಹೇಳಿದ್ದು. ಅವರ ಮುಖ ಸಣ್ಣದಾಯಿತು.

“ಅದೇ ನನ್ನ ದೂರು,” ಎಂದರು. “ಆಫೀಸಿನಲ್ಲಿ ನಾನು ರಜೆ ಹಾಕಿದ ದಿನ ಕೂಡ ಹಾಜರಿ ಅಂತ ತಿಳ್ಕೊಂಡಿದ್ದರು. ಮನೆಯಲ್ಲಿ ಇದ್ದರೂ ಇಲ್ಲ ಅಂತ ತಿಳ್ಕೊಳ್ತಾಳೆ ನಿನ್ನ ಅಕ್ಕ. ನಾನು ಬಂದದ್ದು ಒಬ್ಬರಿಗಾದರೂ ಗೊತ್ತಾಗಬೇಕು ಅಂತ ಆಸೆ. ಕಾರಿನದ್ದಾದರೂ ಒಂದು ಸದ್ದು ಇರಲಿ.”

ನನಗೆ ಬೇಸರವಾಯಿತು. ಆದರೂ ಸಿಡುಕಿನವನಲ್ಲವೇ, “ಹಾರ್ನ್ ಹಾಕಿ ಭಾವ, ಅದು ಎಲ್ಲ ಕಾರಿನಲ್ಲಿಯೂ ಉಂಟು,” ಎಂದುಬಿಟ್ಟೆ.

“ಹಾರ್ನ್ ಹಾಕಿದರೆ ಯಾರಿಗಾದರೂ ತೊಂದರೆ ಆಗ್ತದೆ,” ಎಂದರು ಭಾವ.

ಬಾಗಿಲಿಗೆ ಇಟ್ಟದ್ದು

ನಾನು ಬೇಡವೆಂದ ಮೇಲೆ ಭಾವ ಊರೆಲ್ಲ ಕೇಳಿಕೊಂಡು ಬಂದರು. ದೇವಸ್ಥಾನದ ಅರ್ಚಕರನ್ನು ಕೇಳಿದರು. “ನನ್ನದು ಸ್ಕೂಟರು, ನನಗೆ ಎಂತ ಗೊತ್ತು? ಹಾಕಿಸಿದ ಮೇಲೆ ಪೂಜೆಗೆ ತನ್ನಿ,” ಎಂದರಂತೆ ಅವರು. ಕಾರ್ಕಳದ ಡಾಕ್ಟರರನ್ನು ಕೇಳಿದರು. ಅವರು, “ವಾಲ್ವ್ ನಿಮ್ಮ ಇಷ್ಟ, ಸಿಹಿ ಮಾತ್ರ ಬಿಡಿ,” ಎಂದರಂತೆ.

ಕೊನೆಗೆ ಕಾಪುವಿನಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಬ್ಯಾರಿಯೊಬ್ಬರು ಸಿಕ್ಕಿದರು. ಗಲ್ಫಿನಲ್ಲಿ ಬಹಳ ವರ್ಷ ಕಾರು ಕೆಲಸ ಮಾಡಿ ಬಂದವರು.

“ಅಲ್ಲಿ ಇದು ಇಲ್ಲದ ಕಾರನ್ನು ಯಾರೂ ತಿರುಗಿ ಸಹ ನೋಡುವುದಿಲ್ಲ ಸಾರ್. ನಾನು ಬರುವಾಗ ಒಂದು ಒಳ್ಳೆಯದು ತಂದಿದ್ದೇನೆ. ಇಲ್ಲಿ ಹಾಕ್ಲಿಕ್ಕೆ ಯೋಗ ಕೂಡಿ ಬರಲಿಲ್ಲ.”

“ಎಲ್ಲಿ ಉಂಟು ಅದು?”

ಅವರು ಸ್ವಲ್ಪ ಹಿಂಜರಿದರು. “ಮನೆಯಲ್ಲಿ. ಉಮ್ಮನ ಹತ್ತಿರ.”

ಇಬ್ಬರೂ ಅವರ ಮನೆಗೆ ಹೋದರು. ನೀಲಿ ಬಣ್ಣದ, ಮುಷ್ಟಿಗಾತ್ರದ, ಥಳಥಳ ಹೊಳೆಯುವ ವಾಲ್ವ್ ಅಡುಗೆ ಕೋಣೆಯ ಬಾಗಿಲು ಗಾಳಿಗೆ ಬಡಿಯದ ಹಾಗೆ ಸಂದಿಯಲ್ಲಿ ಕೂತಿತ್ತು. ಕಡಲಿನ ಗಾಳಿ, ಅದಿಲ್ಲದಿದ್ದರೆ ಬಾಗಿಲು ನಿಲ್ಲುವುದಿಲ್ಲ. ಅವರ ತಾಯಿ ಕೊಡಲು ಒಪ್ಪಲಿಲ್ಲ. ಅರ್ಧ ಗಂಟೆಯ ಸಂಧಾನದ ಮೇಲೆ ಭಾವ ಹೋಗಿ ಒಂದು ಒಳ್ಳೆಯ ಕರಿಕಲ್ಲು ಹುಡುಕಿ ತಂದು ಬಾಗಿಲಿಗೆ ಇಟ್ಟರು. ಅಜ್ಜಿ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ ನೋಡಿ, “ಇದು ಅದಕ್ಕಿಂತ ಒಳ್ಳೆಯದು ಉಂಟು,” ಎಂದು ವಾಲ್ವನ್ನು ಬಿಟ್ಟುಕೊಟ್ಟರು.

ಗಾಳಿಯನ್ನು ಇಷ್ಟು ವರ್ಷ ಇಷ್ಟು ಚೆನ್ನಾಗಿ ತಡೆದ ಬ್ಲೋ-ಆಫ್ ವಾಲ್ವ್ ಲೋಕದಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಹಿರಿಯಡ್ಕದಲ್ಲಿ

ವಾಲ್ವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಭಾವ ಬಂದು ನಿಂತಾಗ ಬೇಡವೆನ್ನಲು ನನ್ನಿಂದ ಆಗಲಿಲ್ಲ. ಹಾಕಿದೆ. ಹಾಕುವ ಮೊದಲು ಎಚ್ಚರಿಸಿದೆ: “ನಿಮ್ಮ ಕಾರಿನಲ್ಲಿ ಒಳಗೆ ಬರುವ ಗಾಳಿಯನ್ನು ಮೊದಲೇ ಅಳೆಯುವ ಸೆನ್ಸರ್ ಉಂಟು ಭಾವ. ಅದು ಅಳತೆ ಮಾಡಿ, ಅದಕ್ಕೆ ತಕ್ಕ ಪೆಟ್ರೋಲ್ ಹಾಕಿಸ್ತದೆ. ನೀವು ಅಳೆದ ಗಾಳಿಯನ್ನು ಹೊರಗೆ ಬಿಟ್ಟರೆ ಪೆಟ್ರೋಲ್ ಹೆಚ್ಚಾಗಿ ಗಾಡಿ ನಿಂತು ಹೋಗಬಹುದು.”

“ನಿಂತರೆ ನಿಲ್ಲಲಿ. ಸದ್ದು ಬರ್ತದಲ್ಲ?”

“ಬರ್ತದೆ.”

“ಸಾಕು.”

ಭಾವನಿಗೆ ಗ್ಯಾರೇಜಿನಿಂದಲೇ ಸಕ್ಕರೆ ಪರೀಕ್ಷೆಗೆ ಕಾರ್ಕಳಕ್ಕೆ ಹೋಗುವುದಿತ್ತು. ಆ ದಾರಿಯಲ್ಲಿ ಎಷ್ಟು ರಸ್ತೆಯುಬ್ಬುಗಳುಂಟೋ ಅಷ್ಟು ಕಡೆ ಕಾರು ‘ಪ್ಶ್’ ಎಂದಿತು, ಅಷ್ಟು ಕಡೆ ನಿಂತಿತು. ಮೊದಮೊದಲು ಭಾವನಿಗೆ ಖುಷಿ. ರಸ್ತೆ ಬದಿಯ ಜನ ತಿರುಗಿ ನೋಡುತ್ತಾರೆ. ಇವರು ಕಿಟಕಿಯಿಂದ ಸಣ್ಣಗೆ ತಲೆ ಬಾಗಿಸಿ, ಮತ್ತೆ ಸ್ಟಾರ್ಟ್ ಮಾಡಿ ಹೊರಡುತ್ತಾರೆ.

ಹಿರಿಯಡ್ಕದ ಪೇಟೆಯ ಮಧ್ಯದಲ್ಲಿ ನಿಂತಾಗ ಹಿಂದೆ ಒಂದು ಖಾಸಗಿ ಬಸ್ಸು ಬಂತು. ನಮ್ಮ ಕಡೆಯ ಖಾಸಗಿ ಬಸ್ಸಿನವರಿಗೆ ಕೊಲೆಯನ್ನಾದರೂ ಕ್ಷಮಿಸಲಾದೀತು, ಟೈಮು ತಪ್ಪಿಸುವವರನ್ನು ಕ್ಷಮಿಸಲಾಗದು. ಡ್ರೈವರ್ ಹಾರ್ನಿನ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ಭಾವ ಗಾಬರಿಯಲ್ಲಿ ಸ್ಟಾರ್ಟ್ ಮಾಡಿ, ಜೋರಾಗಿ ಒತ್ತಿ, ಹೆದರಿ ಕಾಲು ತೆಗೆದರು. ‘ಪ್ಶ್.’ ನಿಂತಿತು. ಮತ್ತೊಮ್ಮೆ. ‘ಪ್ಶ್.’ ನಿಂತಿತು.

ಕಂಡಕ್ಟರ್ ಇಳಿದು ಬಂದು ಕಿಟಕಿಗೆ ಬಗ್ಗಿದ. ಬೈಯುತ್ತಾನೆಂದು ಭಾವ ಕಣ್ಣು ಮುಚ್ಚಿಕೊಂಡರಂತೆ. ಅವನು ತುಂಬ ಮರ್ಯಾದೆಯಿಂದ ಕೇಳಿದ: “ಅಣ್ಣ, ನೀವು ನಿಲ್ಲುವ ಸ್ಟಾಪೆಲ್ಲ ಮೊದಲೇ ಹೇಳಿ. ನಾನು ಅಲ್ಲಲ್ಲಿ ಟಿಕೆಟು ಕೊಡ್ತೇನೆ.”

ಮರುದಿನ ನಾನೇ ಕರೆಸಿ ಪೈಪು ಬದಲಿಸಿದೆ. ಅರ್ಧ ಗಾಳಿ ಒಳಗೆ, ಅರ್ಧ ಗಾಳಿ ಹೊರಗೆ. ಎಂಜಿನ್ ಸಮಾಧಾನವಾಯಿತು, ಸದ್ದೂ ಉಳಿಯಿತು.

ಕುಚ್ಚಲಕ್ಕಿಯ ಲೆಕ್ಕ

ಕುಚ್ಚಲಕ್ಕಿ ಬೇಯಲು ಕುಕ್ಕರು ಎಷ್ಟು ಸೀಟಿ ಹಾಕಬೇಕೆಂದು ಪ್ರತಿಯೊಂದು ಮನೆಗೂ ಒಂದು ಲೆಕ್ಕ ಉಂಟು. ಅಕ್ಕನದು ಎಂದೂ ತಪ್ಪದ ಲೆಕ್ಕ. ಕುಕ್ಕರು ಇಟ್ಟು ಜಗಲಿಯಲ್ಲಿ ಕೂತು ಬೇರೆ ಏನೇ ಮಾಡುತ್ತಿದ್ದರೂ ಕಿವಿ ಎಣಿಸುತ್ತಿರುತ್ತದೆ.

ಒಂದು ಆದಿತ್ಯವಾರ ಮಗಳ ಅತ್ತೆ ಮಾವ ಊಟಕ್ಕೆ ಬರುವವರಿದ್ದರು. ಅಕ್ಕ ಜಗಲಿಯಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಭಾವ ಮನೆಯ ಹಿಂದಿನ ಓಣಿಯಲ್ಲಿ ಹೊಸ ಪೈಪಿನ ಸದ್ದು ಹೇಗುಂಟು ಎಂದು ನೋಡಲು ಅತ್ತ ಇತ್ತ ಕಾರು ಬಿಡುತ್ತಿದ್ದರು. ಒಳಗಿನ ಸೀಟಿ ಕೆಲವು, ಹಿಂದಿನ ‘ಪ್ಶ್’ ಕೆಲವು. ಎರಡೂ ಬರುವುದು ಅಡುಗೆ ಕೋಣೆಯ ಕಡೆಯಿಂದಲೇ. ಲೆಕ್ಕ ಮುಗಿಯಿತೆಂದು ಅಕ್ಕ ಎದ್ದು ಹೋಗಿ ಗ್ಯಾಸು ಆರಿಸಿದಳು.

ನಾನೂ ಆ ಊಟಕ್ಕೆ ಇದ್ದೆ. ಬೀಗರು ಬಹಳ ಸಂಭಾವಿತರು. ಒಂದೊಂದು ತುತ್ತನ್ನೂ ಬಹಳ ಹೊತ್ತು ಅಗಿದರು. ಕೊನೆಗೆ ಮಗಳ ಮಾವ, “ಈಗಿನ ಅನ್ನ ನುಂಗಿದ್ದೇ ಗೊತ್ತಾಗುವುದಿಲ್ಲ. ಇದು ಹಾಗಲ್ಲ, ಗೊತ್ತಾಗ್ತದೆ,” ಎಂದರು.

ಅಕ್ಕ ಭಾವನ ಕಡೆ ನೋಡಿದಳು. ಭಾವ ಎಲೆಯ ಕಡೆ ನೋಡಿದರು. ಬೀಗರು ಹೋದ ಮೇಲೆ ವಾಲ್ವಿಗೆ ಅದೇ ಕೊನೆಯ ದಿನ ಎಂದು ನಾನು ಸ್ಪಾನರು ಹುಡುಕಿ ಇಟ್ಟೆ. ಆದರೆ ಅಕ್ಕ ಒಂದು ಮಾತೂ ಆಡಲಿಲ್ಲ. ಗಣಿತದ ಟೀಚರು ಸುಮ್ಮನೆ ಕೂತಿದ್ದಾರೆಂದರೆ ಮನಸ್ಸಿನಲ್ಲಿ ಏನೋ ಲೆಕ್ಕ ನಡೆಯುತ್ತಿದೆ ಎಂದೇ ಅರ್ಥ. ಇದು ನನಗೆ ಆಗ ಹೊಳೆಯಲಿಲ್ಲ.

ಅಕ್ಕನ ಕಿವಿ

ತಿಂಗಳು ಕಳೆದಿರಬೇಕು. ಭಾವ ಗ್ಯಾರೇಜಿಗೆ ಬಂದರು. ಬನ್ಸ್ ತರಿಸಲಿಲ್ಲ. ಬೆಂಚಿನಲ್ಲಿ ಕೂತು, “ಅದನ್ನು ತೆಗೆದುಬಿಡು ಮಾರಾಯ,” ಎಂದರು.

“ಎಂತ ಆಯಿತು ಭಾವ? ಮತ್ತೆ ನಿಲ್ತದಾ?”

“ಗಾಡಿ ನಿಲ್ಲುವುದಿಲ್ಲ. ನನ್ನ ತಿರುಗಾಟವೇ ನಿಲ್ಲುವ ಹಾಗೆ ಆಯಿತು.”

ಮೆಲ್ಲಗೆ ಬಾಯಿ ಬಿಡಿಸಿದೆ. ಭಾವ ದಿನಾ ಸಂಜೆ ದೇವಸ್ಥಾನಕ್ಕೆಂದು ಹೇಳಿ ಕಾರು ತೆಗೆಯುತ್ತಾರೆ. ಮನೆಯಿಂದ ಸ್ವಲ್ಪ ಮುಂದೆ ಶಾಲೆಯ ಎದುರು ಒಂದು ಉಬ್ಬು. ಅಲ್ಲಿಂದ ಎಡಕ್ಕೆ ಹೋದರೆ ದೇವಸ್ಥಾನದ ಉಬ್ಬು, ಬಲಕ್ಕೆ ಹೋದರೆ ಹೋಟೆಲಿನ ಉಬ್ಬು. ಆ ಹೋಟೆಲಿನಲ್ಲೂ ಬನ್ಸ್ ಉಂಟು. ಇಷ್ಟು ವರ್ಷ ಸದ್ದಿಲ್ಲದೆ ಹೋಗಿ ಸದ್ದಿಲ್ಲದೆ ಬರುತ್ತಿದ್ದರು, ಯಾರಿಗೂ ಗೊತ್ತಿರಲಿಲ್ಲ.

“ಮೊನ್ನೆ ಬಂದು ಚಪ್ಪಲಿ ತೆಗೆಯುವಾಗ ನಿನ್ನ ಅಕ್ಕ ಕೇಳಿದಳು, ‘ಇವತ್ತು ಬನ್ಸ್ ಒಂದಾ ಎರಡಾ?’ ಅಂತ. ‘ದೇವಸ್ಥಾನಕ್ಕೆ ಹೋದದ್ದು,’ ಅಂದೆ. ‘ದೇವಸ್ಥಾನ ಎಡಕ್ಕೆ, ಪ್ಶ್ ಬಂದದ್ದು ಬಲದಿಂದ,’ ಅಂದಳು. ‘ಒಂದು,’ ಅಂದೆ. ‘ಎರಡು. ಒಂದಾಗಿದ್ದರೆ ವಾಪಸು ಬರುವ ಪ್ಶ್ ವಾರ್ತೆ ಮುಗಿಯುವ ಮೊದಲು ಕೇಳಬೇಕಿತ್ತು,’ ಅಂದಳು.”

ನಗಲಿಕ್ಕೆ ಕಾರಿನ ಅಡಿಗೆ ಹೋಗೋಣವೆಂದರೆ ಭಾವ ಎದುರಿಗೇ ಕೂತಿದ್ದಾರೆ.

“ಮೆಲ್ಲಗೆ ಬಿಡಬೇಕಿತ್ತು ಭಾವ. ಟರ್ಬೊ ಏಳದಿದ್ದರೆ ಸದ್ದೂ ಇಲ್ಲ.”

“ಅದನ್ನೂ ನೋಡಿದೆ. ನಿನ್ನೆ ಹೋಟೆಲಿನವರೆಗೆ ಇರುವೆಯ ಹಾಗೆ ಹೋದೆ. ಮೀನಿನ ಬುಟ್ಟಿ ಹೊತ್ತ ಹೆಂಗಸು ನನ್ನನ್ನು ದಾಟಿ ಹೋದಳು. ಒಂದು ಸಲವೂ ಪ್ಶ್ ಅನ್ನಲಿಲ್ಲ. ಮನೆಗೆ ಬಂದರೆ ಇವಳು ಬಾಗಿಲಲ್ಲೇ ನಿಂತಿದ್ದಾಳೆ. ‘ಇಷ್ಟು ಕದ್ದು ಹೋಗಬೇಕಾದರೆ ಇವತ್ತು ಮೂರು ತಿಂದಿರಬೇಕು,’ ಅಂದಳು.”

“ತಿಂದಿದ್ದಿರಾ?”

ಭಾವ ನೆಲ ನೋಡಿದರು. “ಮೂರು.”

ನಾನು ಬಾನೆಟ್ಟು ಎತ್ತಿ ಸ್ಪಾನರು ಇಟ್ಟೆ. ಅಷ್ಟರಲ್ಲಿ ಫೋನು. ಅಕ್ಕ. ಅವಳ ಸ್ವರಕ್ಕೆ ಸ್ಪೀಕರ್ ಬೇಡ. ಭಾವನಿಗೆ ಬೆಂಚಿನವರೆಗೆ ಎಲ್ಲ ಕೇಳಿಸುತ್ತಿತ್ತು.

“ನಿನ್ನ ಭಾವ ಅಲ್ಲಿ ಇದ್ದಾರಲ್ಲ?”

“ಇದ್ದಾರೆ ಅಕ್ಕ.”

“ಅದನ್ನು ತೆಗೆಸ್ಲಿಕ್ಕೆ ಬಂದದ್ದು. ನನಗೆ ಗೊತ್ತುಂಟು. ತೆಗೆದರೆ ನೀನು ಇನ್ನು ನನ್ನ ಮನೆಯ ಮೆಟ್ಟಿಲು ಹತ್ತಬೇಡ.”

“ಅಲ್ಲ ಅಕ್ಕ, ಅವರಿಗೆ ಬೇಡವಂತೆ.”

“ಅವರಿಗೆ ಬೇಡದಿರಬಹುದು. ಇಷ್ಟು ವರ್ಷ ಈ ಜನ ಯಾವಾಗ ಬಂದರು, ಯಾವಾಗ ಹೋದರು ಅಂತ ನನಗೆ ಗೊತ್ತೇ ಆಗ್ತಿರಲಿಲ್ಲ. ಸಂಜೆ ಕತ್ತಲಾದರೆ ಹೆದರಿಕೆ, ಎಲ್ಲಿ ತಲೆ ತಿರುಗಿ ಬಿದ್ದರೋ ಅಂತ. ಫೋನು ಮಾಡಿದರೆ ತೆಗೆಯುವುದಿಲ್ಲ. ಈಗ ಶಾಲೆಯ ಹತ್ತಿರ ಪ್ಶ್ ಅಂದ ಕೂಡಲೇ ನಾನು ಚಾ ಇಡ್ತೇನೆ. ಗೇಟಿನ ಹತ್ತಿರ ಪ್ಶ್ ಅನ್ನುವಾಗ ಚಾ ಕುದಿದಿರ್ತದೆ. ಬನ್ಸ್ ವಿಷಯ ನಾನು ನೋಡಿಕೊಳ್ತೇನೆ. ನೀನು ಸ್ಪಾನರು ಕೆಳಗಿಡು.”

ಫೋನು ಇಟ್ಟಳು. ನಾನು ಸ್ಪಾನರು ಕೆಳಗಿಟ್ಟೆ. ಭಾವ ಬೆಂಚಿನಿಂದ ಎದ್ದು ನಿಂತಿದ್ದರು.

“ದಿನಾ ನನ್ನ ಸದ್ದು ಕೇಳ್ತಾಳಂತಾ?” ಎಂದರು.

“ಕೇಳ್ತಾಳಂತೆ.”

“ಅದಕ್ಕೇ ಚಾ ಬಿಸಿ ಇರುವುದು ಈಗ,” ಎಂದು ಭಾವ ತಮಗೆ ತಾವೇ ಹೇಳಿಕೊಂಡರು. ಅವರ ಕಣ್ಣು ತುಂಬಿತ್ತು. ನನ್ನದೂ ಸ್ವಲ್ಪ ಹಾಗೇ ಆಗಿತ್ತು. ಪೆಟ್ರೋಲಿನ ಹೊಗೆ ಎಂದು ಸುಳ್ಳು ಹೇಳುವುದಿಲ್ಲ.

“ನೀವು ಅವತ್ತು ಕೇಳಿದ್ದಕ್ಕೆ ಈಗ ಉತ್ತರ ಸಿಕ್ಕಿತು ಭಾವ,” ಎಂದೆ. “ಕಾರಿಗೆ ಬ್ಲೋ-ಆಫ್ ವಾಲ್ವ್ ಬೇಡ. ಅಕ್ಕನಿಗೆ ಬೇಕು.”

ಭಾವ ಬಾನೆಟ್ಟನ್ನು ತಾವೇ ಮುಚ್ಚಿದರು. ನೀಲಿ ವಾಲ್ವಿನ ಮೇಲೆ ಕೂತಿದ್ದ ಧೂಳನ್ನು ಮೊದಲು ಕರವಸ್ತ್ರದಿಂದ ಒರೆಸಿಯೇ ಮುಚ್ಚಿದ್ದು. ಡ್ರೈವರ್ ಸೀಟಿನಲ್ಲಿ ಕೂತು ಕಿಟಕಿ ಇಳಿಸಿ, “ಇನ್ನು ಸ್ವಲ್ಪ ಜೋರು ಮಾಡ್ಲಿಕ್ಕೆ ಆಗ್ತದಾ?” ಎಂದು ಕೇಳಿದರು.

“ಮನೆಗೆ ಹೋಗಿ ಭಾವ.”

ಹೋದರು. ನಾನು ಕೈ ಒರೆಸಿಕೊಳ್ಳುತ್ತ ನಿಂತಿದ್ದೆ. ಗೇಟು ದಾಟಿ, ತಿರುವು ತೆಗೆದು, ರಸ್ತೆಗೆ ಏರಿದ ಸದ್ದು ಕೇಳಿತು. ಆ ಕೂಡಲೇ, ಪಕ್ಕದ ಚಾ ಅಂಗಡಿಯ ಎದುರಿನಿಂದ, ‘ಪ್ಶ್.’ ಆಮೇಲೆ ಏನೂ ಇಲ್ಲ. ನನಗೆ ಅರಿವಿಲ್ಲದೆಯೇ ಗೋಡೆಯ ಗಡಿಯಾರ ನೋಡಿದೆ. ಬಹಳ ಹೊತ್ತಿನ ಮೇಲೆ ಕಾರು ಹೊರಟ ಸದ್ದು, ಗೇರು ಬದಲಿಸುವಾಗ ಮತ್ತೊಂದು ‘ಪ್ಶ್.’

ಎರಡು ಬನ್ಸ್.